ಐದು ನಿಮಿಷದ ಅನುಮತಿ

ಜಪಾನಿನ ಕಡಲತೀರದ ಮಿಯೊ ಊರಿನವರಿಗೆ ಕೆನಡಾ ಪರದೇಶವಲ್ಲ, ಪಕ್ಕದ ಕೇರಿ. ನೂರು ವರ್ಷಕ್ಕೂ ಹಿಂದಿನಿಂದ ಇಲ್ಲಿಯ ಗಂಡಸರು ಸಾಲ್ಮನ್ ಮೀನಿನ ಬೆನ್ನು ಹತ್ತಿ ಅಲ್ಲಿಯ ಸ್ಟೀವ್‌ಸ್ಟನ್ನಿಗೆ ಹೋಗಿ ಬಂದು ಮಾಡಿದವರು. ಕಿನುಯೊ ನಿಶಿಹಾಮಾಳ ಅಜ್ಜ ಹೋಗಿದ್ದ, ದೊಡ್ಡಪ್ಪ ಹೋಗಿದ್ದ, ಅಣ್ಣ ತೊಕುಜಿ ಹೋದವನು ಅಲ್ಲೇ ಮನೆ ಮಾಡಿ ಉಳಿದ. ಯಾವ ಓಣಿಯಲ್ಲಿ ಯಾರನ್ನು ಕೇಳಿದರೂ ಅಲ್ಲೊಬ್ಬ ನೆಂಟ ಇದ್ದೇ ಇರುತ್ತಾನೆ. ಕೆನಡಾ ನೋಡದೆ ಎಪ್ಪತ್ತೆರಡು ಮುಟ್ಟಿದವಳು ಊರಿಗೆಲ್ಲ ಕಿನುಯೊ ಒಬ್ಬಳೇ ಎಂದು ಜನ ತಮಾಷೆ ಮಾಡುತ್ತಿದ್ದರು. ಅವಳೂ ನಕ್ಕುಬಿಡುತ್ತಿದ್ದಳು. ಯಾಕೆ ನೋಡಲಿಲ್ಲ ಎಂಬ ಮಾತನ್ನು ಮಾತ್ರ ಅವಳೆದುರು ಯಾರೂ ಎತ್ತುತ್ತಿರಲಿಲ್ಲ.

ಹೋಗುವುದೆಂದು ಗಟ್ಟಿಯಾಗಿತ್ತು, ಒಮ್ಮೆ. ಆಗ ಅವಳಿಗೆ ಹತ್ತೊಂಬತ್ತು. ತೊಕುಜಿ ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಹೆಂಗಸರಿಗೆ ಕೆಲಸ ಇದೆ, ತಂಗಿಯನ್ನು ಕರೆಸಿಕೊಳ್ಳುತ್ತೇನೆ ಎಂದು ಅರ್ಜಿ ಹಾಕಿದ್ದ. ಅಮ್ಮ ದಪ್ಪ ಉಣ್ಣೆಯ ಕೋಟು ಹೊಲಿಸಿದಳು. ಕಡೆಗೆ ಒಂದು ವೈದ್ಯಕೀಯ ಪರೀಕ್ಷೆ ಉಳಿದಿತ್ತು. ಎಕ್ಸ್‌ರೇಯಲ್ಲಿ ಎಡ ಎದೆಯ ಮೇಲೊಂದು ಕಲೆ ಕಂಡಿತು. ಒಂಬತ್ತನೇ ವಯಸ್ಸಿನಲ್ಲಿ ಬಂದು ಹೋಗಿದ್ದ ಕ್ಷಯದ ಕಲೆ ಅದು. ವಾಸಿಯಾಗಿ ಹತ್ತು ವರ್ಷವಾಗಿದೆ ಎಂದು ಊರ ಡಾಕ್ಟರು ಬರೆದುಕೊಟ್ಟರೂ ಏನೂ ಆಗಲಿಲ್ಲ. ನಿರಾಕರಿಸಲಾಗಿದೆ ಎಂಬ ಕಾಗದ ಬಂತು. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಮನೆಯಲ್ಲಿ ಸತ್ತ ಹಿರಿಯರನ್ನು ಪೂಜಿಸುವ ಪೀಠದ ಕೆಳಗಿನ ಡ್ರಾಯರಿಗೆ ಹಾಕಿದ.

ಕಾಗದವನ್ನು ಡ್ರಾಯರಿಗೆ ಹಾಕಬಹುದು, ಸುದ್ದಿಯನ್ನು ಹಾಕಲಾಗುತ್ತದೆಯೇ? ಎದೆ ಸರಿಯಿಲ್ಲದ ಹುಡುಗಿ ಎಂಬ ಮಾತು ಪಕ್ಕದ ಊರಿಗೂ ಮುಟ್ಟಿತು. ಬರುವುದರಲ್ಲಿದ್ದ ಸಂಬಂಧವೊಂದು ಬಾರದೆ ಹೋಯಿತು. ಕಿನುಯೊ ಉಮೆ ಎಂಬ ಹುಳಿ ಕಾಯಿಯ ಉಪ್ಪಿನಕಾಯಿ ಹಾಕುವ ಕಾರ್ಖಾನೆಗೆ ಸೇರಿದಳು. ಬಿಸಿಲಿಗೆ ಹರವಿದ ಕಾಯಿಗಳನ್ನು ಒಂದೊಂದಾಗಿ ಮಗುಚುವುದು, ಸಿಪ್ಪೆ ಹರಿದದ್ದನ್ನು ಬೇರೆ ತೆಗೆಯುವುದು. ಮೂವತ್ತೆಂಟು ವರ್ಷ ಅದೇ ಕೆಲಸ. ಅವಳ ಕೈಗೆ ಸಿಕ್ಕಿದ ಹರಿದ ಕಾಯಿ ಒಳ್ಳೆಯ ಡಬ್ಬಿಗೆ ಹೋದದ್ದಿಲ್ಲ ಎಂದು ಮೇಸ್ತ್ರಿಯೇ ಹೇಳುತ್ತಿದ್ದ.

ತೊಕುಜಿ ಮೂರು ಸಲ ಊರಿಗೆ ಬಂದ. ಅಪ್ಪನ ಸಾವಿಗೆ, ತನ್ನ ಮಗಳಿಗೆ ಊರು ತೋರಿಸಲು, ಅಮ್ಮನ ಸಾವಿಗೆ. ಬಂದಾಗಲೆಲ್ಲ ಬೆಳಗ್ಗೆ ಅವನಿಗೆ ಚಹಾ ಗಂಜಿಯೇ ಆಗಬೇಕು. ಹುರಿದ ಚಹಾ ಎಲೆಯನ್ನು ಬಟ್ಟೆಚೀಲದಲ್ಲಿ ಕಟ್ಟಿ ಕುದಿಸಿ, ಆ ನೀರಿನಲ್ಲಿ ಅಕ್ಕಿ ಬೇಯಿಸಿದ ತೆಳ್ಳಗಿನ ಗಂಜಿ. ಮೂರು ಬಟ್ಟಲು ಸುರಿದು, ಹೊಟ್ಟೆ ಸವರಿಕೊಂಡು, ಅಲ್ಲಿ ಎಲ್ಲ ಸಿಗುತ್ತದೆ ಕಿನು, ಇದೊಂದು ಸಿಗುವುದಿಲ್ಲ ಎನ್ನುತ್ತಿದ್ದ. ಅಮ್ಮನ ಕರ್ಮಾಂತರವೆಲ್ಲ ಮುಗಿದ ಮೇಲೆ ಒಂದು ಸಲ, ನೀನೂ ಬಂದು ಹೋಗಬಾರದೇ ಎಂದು ಕೇಳಿದ. ಬೇಡ ಅಂದವರ ಮನೆಗೆ ಹೇಗೆ ಬರುವುದು ಎಂದಳು ಕಿನುಯೊ. ಅವನು ಮತ್ತೆ ಕೇಳಲಿಲ್ಲ.

ಹೋದ ವರ್ಷ ಸೆಪ್ಟೆಂಬರ್ ಮಧ್ಯದಲ್ಲಿ, ಬೆಳಗ್ಗೆ ಎಂಟಕ್ಕೆ, ಅಣ್ಣನ ಮಗಳು ಸಾಚಿ ಫೋನು ಮಾಡಿದಳು. ಸಾಚಿಗೆ ಐವತ್ತು ದಾಟಿದೆ. ಆದರೆ ಅವಳ ಜಪಾನೀ ಮಾತು ಅಪ್ಪನಿಂದ ಕಲಿತದ್ದು, ಹಳೇ ಮಿಯೊ ಮೀನುಗಾರರ ಮಾತು. ಅಷ್ಟು ದೂರದಿಂದ ಹೆಣ್ಣುದನಿಯಲ್ಲಿ ಸತ್ತುಹೋದ ಮುದುಕರು ಮಾತಾಡಿದಂತೆ ಕೇಳುತ್ತದೆ. ಅಪ್ಪನ ಪಿತ್ತಜನಕಾಂಗಕ್ಕೆ ಕ್ಯಾನ್ಸರ್ ಹಬ್ಬಿದೆ, ಹೊಸ ವರ್ಷ ಕಾಣುವುದಿಲ್ಲ ಎಂದಿದ್ದಾರೆ ಎಂದಳು. ಏನು ಕೊಟ್ಟರೂ ತಿನ್ನುವುದಿಲ್ಲ, ಚಹಾ ಗಂಜಿ ಕೇಳುತ್ತಾರೆ. ತಾನು ಮಾಡಿದ್ದನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟರು ಎಂದಳು.

"ಅತ್ತೆ, ಒಂದ್ಸಲ ಬರ್ತೀರಾ?"

"ನನ್ನನ್ನ ಅಲ್ಲಿ ಒಳಗೆ ಬಿಡಲ್ಲಮ್ಮ."

ಯಾರು ಬಿಡುವುದಿಲ್ಲ ಎಂದು ಸಾಚಿ ಕೇಳಿದಳು. ಕಿನುಯೊ ಹಳೇ ಕಾಗದದ ಕತೆ ಹೇಳಿದಳು.

"ಅದು ಇಲ್ಲೇ ನೆಲೆ ನಿಲ್ಲೋದಕ್ಕೆ ಬೇಡ ಅಂದಿದ್ದು, ಅತ್ತೆ. ನೋಡ್ಕೊಂಡು ಹೋಗೋದಕ್ಕೆ ಯಾರೂ ಬೇಡ ಅಂದಿರ್ಲಿಲ್ಲ. ಜಪಾನಿನವರಿಗೆ ಇಲ್ಲಿಗೆ ವೀಸಾನೇ ಬೇಡ. ಯಾವತ್ತು ಬೇಕಾದ್ರೂ ಬರ್ಬಹುದಿತ್ತು."

ಕಿನುಯೊ ಐವತ್ತಮೂರು ವರ್ಷ ಮುಚ್ಚಿದೆ ಎಂದುಕೊಂಡಿದ್ದ ಬಾಗಿಲಿಗೆ ಚಿಲಕವೇ ಇರಲಿಲ್ಲವಂತೆ. ಸಾಚಿ ಇನ್ನೂ ಏನೋ ಹೇಳುತ್ತಿದ್ದಳು. ಎಂಟು ವರ್ಷದಿಂದ ಈಚೆಗೆ ಒಂದು ಕಂಪ್ಯೂಟರ್ ಅನುಮತಿ ಬೇಕಾಗುತ್ತದೆ, ಅದಿಲ್ಲದೆ ವಿಮಾನ ಹತ್ತಿಸುವುದಿಲ್ಲ, ಆದರೆ ಏಳು ಡಾಲರ್ ಅಷ್ಟೇ, ಐದು ನಿಮಿಷದ ಕೆಲಸ.

ಮರುದಿನವೇ ಅವಳು ಬಸ್ಸು ಹತ್ತಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟು ಬಂದಳು. ಅದು ಕೈಗೆ ಸಿಗುವಾಗ ತಿಂಗಳ ಕೊನೆ. ಅಕ್ಟೋಬರ್ ಇಪ್ಪತ್ತಕ್ಕೆ ವಿಮಾನದ ಟಿಕೆಟು ಸಿಕ್ಕಿತು. ಆಮೇಲೆ ಪಾಸ್‌ಪೋರ್ಟಿನ ಆ ಕೆಂಪು ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಹರುಯೊ ಹತ್ತಿರ ಹೋದಳು.

ಹರುಯೊ ಊರಿನ ಹೆಂಗಸರಿಗೆಲ್ಲ ತಲೆಗೂದಲು ಕತ್ತರಿಸುವವಳು. ಎರಡು ಸಲ ಹವಾಯಿಗೆ ಹೋಗಿ ಬಂದಿದ್ದಾಳೆ. ಕತ್ತರಿ ಹಿಡಿದು ಎದುರಿಗೆ ನಿಂತವಳ ಹವಾಯಿ ಕತೆಯನ್ನು ಕೇಳದೆ ಎದ್ದು ಹೋಗುವುದಾದರೂ ಹೇಗೆ? ಅವಳಲ್ಲಿ ಸ್ಮಾರ್ಟ್‌ಫೋನೂ ಇತ್ತು, ಹಣ ಕಟ್ಟುವ ಕಾರ್ಡೂ ಇತ್ತು. ಗಿರಾಕಿ ಇಲ್ಲದ ಮಧ್ಯಾಹ್ನ ಕಿನುಯೊಳನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಕನ್ನಡಕ ಒಂದರ ಮೇಲೊಂದು ಏರಿಸಿಕೊಂಡು ಅರ್ಜಿ ತುಂಬಲು ಶುರು ಮಾಡಿದಳು. ಇಂಗ್ಲಿಷಿನ ಪ್ರಶ್ನೆಯನ್ನು ಫೋನೇ ಜಪಾನಿಗೆ ತಿರುಗಿಸಿ ಕೊಡುತ್ತಿತ್ತು. ಹೆಸರು ಆಯಿತು, ಹುಟ್ಟಿದ ದಿನ ಆಯಿತು. ಮದುವೆ ಆಗಿದೆಯೇ ಎಂದು ಕೇಳಿತು. ಇಲ್ಲ ಎಂದು ಒತ್ತಿದ ಹರುಯೊ, ಸದ್ಯ, ಕಾರಣ ಕೇಳಿಲ್ಲ, ಬದುಕಿಕೊಂಡೆ ಎಂದಳು. ಇಬ್ಬರೂ ನಕ್ಕರು.

ಮುಂದಿನ ಪ್ರಶ್ನೆಗೆ ನಗು ನಿಂತಿತು. ಯಾವತ್ತಾದರೂ, ಯಾವುದಾದರೂ ದೇಶ ನಿಮಗೆ ಪ್ರವೇಶವನ್ನೋ ವೀಸಾವನ್ನೋ ನಿರಾಕರಿಸಿದೆಯೇ?

"ಇಲ್ಲ ಅಂತ ಹಾಕ್ತೀನಿ," ಎಂದಳು ಹರುಯೊ. "ಐವತ್ತು ವರ್ಷದ ಹಿಂದಿನದು. ಅಲ್ಲಿನ ಕಾಗದಾನ ಇಲಿ ತಿಂದು, ಆ ಇಲೀನ ಬೆಕ್ಕು ತಿಂದು, ಆ ಬೆಕ್ಕೂ ಸತ್ತಿರುತ್ತೆ."

"ಹೌದು ಅಂತ ಹಾಕು."

"ಕಿನು, ಸುಮ್ನಿರು. ಯಾರೂ ನೋಡಲ್ಲ ಕಣೇ."

"ಸುಳ್ಳು ಹೇಳ್ಕೊಂಡು ಅಣ್ಣನ ಮನೆ ಹೊಸ್ತಿಲು ದಾಟ್ಲಾ?"

ಹರುಯೊ ಒತ್ತಲಿಲ್ಲ. ಕಿನುಯೊಳೇ ಬೆರಳು ಚಾಚಿ ಒತ್ತಿದಳು. ಕಾಯಿ ಮಗುಚಿ ಮಗುಚಿ ಉಪ್ಪು ತಿಂದ ಬೆರಳನ್ನು ಫೋನಿನ ಗಾಜು ಗುರುತಿಸದೆ ಮೂರು ಸಲ ಒತ್ತಬೇಕಾಯಿತು. ಯಾವ ವರ್ಷ, ಯಾಕೆ ಎಂಬುದನ್ನೂ ಎರಡು ಸಾಲಿನಲ್ಲಿ ಬರೆಸಿದಳು.

ಕಡೆಯಲ್ಲಿ ಉತ್ತರ ಕಳಿಸಲು ಮೇಲ್ ವಿಳಾಸ ಕೇಳಿತು. ತನ್ನದೇ ಹಾಕುತ್ತೇನೆಂದು ಹರುಯೊ ಹೊರಟಳು. ಬೇಡ, ನನ್ನ ಕೆಲಸಕ್ಕೆ ನಿನ್ನ ಮನೆ ಬಾಗಿಲು ತಟ್ಟುವುದು ಸರಿಯಲ್ಲ, ನನ್ನ ಫೋನಿಗೇ ಬರಲಿ ಎಂದು ಕಿನುಯೊ ಹಟ ಹಿಡಿದಳು. ಅವಳದು ಮಡಚುವ ಫೋನು, ಫೋನ್ ಕಂಪನಿಯೇ ಕೊಟ್ಟ ಮೇಲ್ ವಿಳಾಸ. ಅದನ್ನೇ ಹಾಕಿದರು. ಏಳು ಡಾಲರ್ ಹೋಯಿತು. ಅರ್ಜಿಯ ನಂಬರನ್ನು ಹರುಯೊ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು.

ಐದು ನಿಮಿಷ ಕಳೆಯಿತು, ಐದು ದಿನವೂ ಕಳೆಯಿತು. ಉತ್ತರವಿಲ್ಲ.

ಕಿನುಯೊ ಬೆಳಗ್ಗೆ ಎದ್ದು ಫೋನು ಬಿಚ್ಚುವಳು, ನೋಡುವಳು, ಮಡಚುವಳು. ವಿಚಾರಿಸಿ ನೋಡೋಣವೇ ಎಂದು ಹರುಯೊ ಎರಡು ಸಲ ಕೇಳಿದಳು. ಕಿನುಯೊ ಬೇಡವೆಂದಳು. ಕಾರ್ಖಾನೆಗೆ ಮಾಲು ಕೇಳಿ ಮತ್ತೆ ಮತ್ತೆ ಫೋನು ಮಾಡುವ ವ್ಯಾಪಾರಿಯನ್ನು ಕಂಡರೆ ಎಲ್ಲರಿಗೂ ಎಷ್ಟು ಬೇಸರವಾಗುತ್ತಿತ್ತೆಂದು ಅವಳು ಬಲ್ಲಳು. ಒಂದು ಸಲ ಕೇಳಿದ ಮೇಲೆ ಕಾಯುವುದೇ ಮರ್ಯಾದೆ. ತಪ್ಪಿದ್ದರೆ ತಿಳಿಸುತ್ತಾರೆ, ತಿಳಿಸಿಲ್ಲವೆಂದರೆ ಎಲ್ಲ ಸರಿ ಇದೆ ಎಂದೇ ಅರ್ಥ. ಪುರಸಭೆಯಲ್ಲೂ ಹಾಗೇ, ವಿದ್ಯುತ್ ಕಚೇರಿಯಲ್ಲೂ ಹಾಗೇ. ಮಿಯೊದಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಹರುಯೊ ಕೂಡ ಕಡೆಗೆ, ಅದೂ ನಿಜವೇ ಎಂದು ತಲೆಯಾಡಿಸಿದಳು.

ಆ ದಿನಗಳಲ್ಲಿ ಕಿನುಯೊ ಹೊಸ ಚಹಾ ಚೀಲ ಎರಡು ಹೊಲಿದಳು. ಎಲೆಯನ್ನು ತಾನೇ ಕಬ್ಬಿಣದ ಬಾಣಲೆಯಲ್ಲಿ ಇನ್ನೊಮ್ಮೆ ಹುರಿದು ಡಬ್ಬಿಗೆ ತುಂಬಿದಳು. ಹತ್ತು ದಿನ ಇದ್ದು ಬರುವುದು, ಹತ್ತು ಬೆಳಗ್ಗೆ ಗಂಜಿ ಮಾಡಿಕೊಡುವುದು. ಅಷ್ಟೇ ಅವಳ ಲೆಕ್ಕ.

ಇಪ್ಪತ್ತನೇ ತಾರೀಖು ಸಮುದ್ರದ ಮೇಲೆ ಕಟ್ಟಿದ ಆ ದೊಡ್ಡ ವಿಮಾನ ನಿಲ್ದಾಣಕ್ಕೆ ಹರುಯೊಳೂ ಜೊತೆಗೆ ಬಂದಳು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಯಂತ್ರದ ಮೇಲಿಟ್ಟಳು. ಮತ್ತೆ ಇಟ್ಟಳು. ಆಮೇಲೆ ಎದ್ದು ನಿಂತಳು.

ಅನುಮತಿ ಬಂದಿಲ್ಲ, ಹತ್ತಿಸುವ ಹಾಗಿಲ್ಲ ಎಂದು ಹುಡುಗಿ ತಲೆ ಬಗ್ಗಿಸಿ ಹೇಳಿದಳು. ಅರ್ಜಿಯ ನಂಬರ್ ಇದೆಯೇ ಎಂದು ಕೇಳಿದಳು. ಹರುಯೊ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದಿದ್ದಳು. ಆ ನಂಬರ್ ಒತ್ತಿ, ಅರ್ಜಿ ಎಲ್ಲಿಯವರೆಗೆ ಬಂದಿದೆ ಎಂದು ಹರುಯೊಳ ಫೋನಿನಲ್ಲೇ ನೋಡಿಸಿದಳು. ಓದಿದ ಮೇಲೆ ಅವಳ ದನಿ ಇನ್ನೂ ತಗ್ಗಿತು.

"ನಿಶಿಹಾಮಾ ಅವರೇ, ಅವರು ನಿಮ್ಮ ಹತ್ರ ಒಂದು ಪತ್ರ ಕೇಳಿದ್ದಾರೆ. ಹಿಂದೆ ಯಾಕೆ ನಿರಾಕರಿಸಿದ್ರು, ಈಗ ಎದೆ ಹೇಗಿದೆ, ಅಂತ ಡಾಕ್ಟರ್ ಪತ್ರ. ಹದಿನೇಳು ದಿನ ಆಯ್ತು ಕೇಳಿ. ಮೇಲ್ ಕಳಿಸಿದ್ದೀವಿ ಅಂತಿದೆ. ಬರ್ಲಿಲ್ವಾ?"

ಬರಲಿಲ್ಲ ಎಂದಳು ಕಿನುಯೊ. ಆಮೇಲೆ ಹಿಂದಕ್ಕೆ ತಿರುಗಿ, ಸಾಲಿನಲ್ಲಿ ನಿಂತವರಿಗೆಲ್ಲ ಸೊಂಟ ಬಗ್ಗಿಸಿ, ನಿಮಗೆಲ್ಲ ತಡ ಮಾಡಿಬಿಟ್ಟೆ, ಕ್ಷಮಿಸಿ ಎಂದಳು. ಹರುಯೊ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಬಾರದ ಮೇಲ್ ಎಲ್ಲಿ ಹೋಯಿತೆಂದು ಅದೇ ಸಂಜೆ ಫೋನಿನ ಅಂಗಡಿಯಲ್ಲಿ ತಿಳಿಯಿತು. ಹಿಂದೊಮ್ಮೆ ಕಿನುಯೊಳ ಫೋನಿಗೆ ಲಾಟರಿ ಗೆದ್ದಿದ್ದೀರಿ, ಹಣ ಕಟ್ಟಿ ಎಂಬ ಕಳ್ಳ ಮೇಲ್‌ಗಳು ಬರುತ್ತಿದ್ದವು. ಇದೇ ಅಂಗಡಿಯವರು, ಇನ್ನು ಮೇಲೆ ಗುರುತಿನವರ ಫೋನಿಂದ ಬಂದದ್ದಷ್ಟೇ ಒಳಗೆ ಬರುತ್ತದೆ, ನೆಮ್ಮದಿಯಾಗಿರಿ ಎಂದು ಬೀಗ ಹಾಕಿಕೊಟ್ಟಿದ್ದರು. ಊರಿನ ಅರ್ಧ ಮುದುಕಿಯರ ಫೋನಿಗೆ ಅದೇ ಬೀಗ. ಕೆನಡಾದ ಕಾಗದ ಮೂರು ಸಲ ಬಂದು, ಮೂರು ಸಲವೂ ಹೊಸ್ತಿಲಿನಿಂದಲೇ ಹಿಂದಕ್ಕೆ ಹೋಗಿತ್ತು. ಹೀಗೆ ಹಿಂದಕ್ಕೆ ಕಳಿಸಿದೆ ಎಂದು ಫೋನು ಒಡತಿಗೂ ಹೇಳುವುದಿಲ್ಲ. ಅಂಗಡಿಯ ಹೆಂಗಸು ಬೀಗ ತೆಗೆದುಕೊಟ್ಟು ಹಣ ಬೇಡವೆಂದಳು.

ಮರುದಿನ ಡಾಕ್ಟರ ಹತ್ತಿರ ಎಕ್ಸ್‌ರೇ ಆಯಿತು. ಅದರ ಮರುದಿನ ಪತ್ರ, ಅದರ ಇಂಗ್ಲಿಷು. ಅಪ್ಪ ಡ್ರಾಯರಿಗೆ ಹಾಕಿದ್ದ ಕಾಗದವನ್ನೂ ತೆಗೆದು ಫೋಟೊ ಹಿಡಿದು ಏರಿಸಿದರು. ಬೇಗ ನೋಡಿ, ಅಣ್ಣ ಸಾಯುತ್ತಿದ್ದಾನೆ ಎಂದು ಈ ಸಲ ಕಿನುಯೊಳೇ ಬರೆಸಿದಳು. ನಾಲ್ಕು ದಿನದಲ್ಲಿ ಮೂರು ಸಲ ಬರೆಸಿದಳು. ಕೇಳುವುದನ್ನು ಆಗ ಕಲಿತಳು.

ಇಪ್ಪತ್ತಾರನೇ ತಾರೀಖು ಬೆಳಗ್ಗೆ ಸಾಚಿ ಹರುಯೊಳ ಫೋನಿಗೆ ಮುಖ ಕಾಣುವಂತೆ ಕರೆ ಮಾಡಿದಳು. ಇನ್ನು ತಡವಿಲ್ಲ ಎಂದು ನರ್ಸು ಹೇಳಿದ್ದಾಳೆ, ಗಂಜಿ ಹೇಗೆ ಮಾಡುವುದು ಹೇಳಿಕೊಡಿ ಅತ್ತೆ ಎಂದಳು. ಸಾಚಿ ಒಲೆಯ ಪಕ್ಕ ಫೋನು ಒರಗಿಸಿಟ್ಟಳು. ಕಿನುಯೊ ಇಲ್ಲಿ ತಲೆಗೂದಲು ಕತ್ತರಿಸುವ ಅಂಗಡಿಯಲ್ಲಿ ಕೂತು ಹೇಳುತ್ತಾ ಹೋದಳು. ನೀರು ಇನ್ನೂ ಕುದಿಯಲಿ. ಈಗ ಚೀಲ ಬಿಡು. ಬಣ್ಣ ಬಿಟ್ಟಿತೇ, ಅಕ್ಕಿ ಹಾಕು, ಉರಿ ತಗ್ಗಿಸಬೇಡ. ಕಲಕಬೇಡಮ್ಮ, ಕಲಕಿದರೆ ಗಟ್ಟಿಯಾಗುತ್ತದೆ. ಸಾಚಿ ಕಣ್ಣೊರೆಸಿಕೊಳ್ಳುತ್ತ ಕಲಕಿಯೇಬಿಟ್ಟಳು.

ಮಂಚದ ಮೇಲೆ ತೊಕುಜಿಯ ಮುಖ ಒಂದು ಹಿಡಿಯಷ್ಟಾಗಿತ್ತು. ಕಣ್ಣು ಮಾತ್ರ ಅದೇ ಹಳೇ ತರಲೆಯ ಕಣ್ಣು.

"ಕಿನು. ನೀನು ಹೌದು ಅಂತ ಹಾಕಿದ್ಯಂತೆ."

"ಹೂಂ, ಅಣ್ಣ."

"ಪೆದ್ದಿ." ಅವನು ಉಸಿರು ಕೂಡಿಸಿಕೊಂಡ. "ನಾನಾಗಿದ್ರೂ ಹೌದು ಅಂತಲೇ ಹಾಕ್ತಿದ್ದೆ. ಅಪ್ಪನ ಮಕ್ಕಳು ನಾವು, ಇನ್ನೇನು ಮಾಡ್ತೀವಿ?"

ಸಾಚಿ ಚಮಚ ಹಿಡಿದಳು. ಒಂದು ಗುಟುಕು ಒಳಗೆ ಹೋಯಿತು. ಅವನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ.

"ಗಟ್ಟಿಯಾಗಿದೆ," ಎಂದ ಮೆಲ್ಲಗೆ, ಮಗಳಿಗೆ ನೋವಾಗದ ಹಾಗೆ. "ಕಿನು ಬಂದ್ಮೇಲೆ ತಿಂತೀನಿ ಬಿಡು."

ಕಣ್ಣು ಮುಚ್ಚಿಕೊಂಡೇ ಅವನು ಮತ್ತೆ ಹೇಳಿದ.

"ಆವತ್ತು ಬರಲ್ಲ ಅಂದ್ಯಲ್ಲ. ಅಮ್ಮ ಹೋದಾಗ. ನಾನು ಇನ್ನೊಂದು ಸಲ ಕೇಳ್ಬೇಕಿತ್ತು. ನಿನಗೆ ಕೋಪ ಅಂದ್ಕೊಂಡೆ."

ಕೋಪ ಅಲ್ಲ ಅಣ್ಣ ಎಂದಳು ಕಿನುಯೊ. ಅದು ಅವನಿಗೆ ಕೇಳಿಸಿತೋ ಇಲ್ಲವೋ. ಸಾಚಿ ಫೋನನ್ನು ಅವನ ದಿಂಬಿನ ಮೇಲೇ ಇಟ್ಟು ಹೋದಳು. ಅವನ ಕಿವಿಯೊಂದು ಕಾಣುತ್ತಿತ್ತು. ಮುಕ್ಕಾಲು ಗಂಟೆ ಕಿನುಯೊ ಆ ಕಿವಿಯನ್ನೇ ನೋಡುತ್ತ ಕೂತಳು. ತಲೆ ಕತ್ತರಿಸಿಕೊಳ್ಳಲು ಬಂದ ಇಬ್ಬರನ್ನು ಹರುಯೊ ಬಾಗಿಲಿನಿಂದಲೇ ವಾಪಸು ಕಳಿಸಿದಳು.

ಇಪ್ಪತ್ತೊಂಬತ್ತಕ್ಕೆ ತೊಕುಜಿ ಸತ್ತ. ಕಿನುಯೊ ಹಿರಿಯರ ಪೀಠದ ಮುಂದೆ ಗಂಜಿ ಮಾಡಿ ಇಟ್ಟಳು. ತೆಳ್ಳಗೆ, ಅಕ್ಕಿ ಒಂದಕ್ಕೊಂದು ಅಂಟದ ಹಾಗೆ. ಅದು ಆರಿದ ಮೇಲೆ ಚೆಲ್ಲಲು ಮನಸ್ಸಾಗದೆ ತಾನೇ ತಿಂದಳು.

ನವೆಂಬರ್ ಒಂದನೇ ತಾರೀಖು ಬೆಳಗ್ಗೆ ಅವಳ ಮಡಚುವ ಫೋನು ಒಮ್ಮೆ ಗುರುಗುಟ್ಟಿತು. ಅವಳು ಬಿಚ್ಚಿ ನೋಡಿ, ಇಂಗ್ಲಿಷು ಕಂಡು, ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ನಡೆದಳು. ಹರುಯೊ ತನ್ನ ಫೋನಿನಿಂದ ಅದರ ಫೋಟೊ ಹಿಡಿದು ಜಪಾನಿಗೆ ತಿರುಗಿಸಿ ಓದಿದಳು. ಅನುಮತಿ ಕೊಡಲಾಗಿದೆ. ಐದು ವರ್ಷ ನಡೆಯುತ್ತದೆ. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು.

ಓದಿ ಮುಗಿಸಿದ ಹರುಯೊ ಅಲ್ಲೇ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತಳು. ಬಾಯಿಗೆ ಬಂದಂತೆ ಬೈದಳು. ಫೋನಿನ ಬೀಗಕ್ಕೆ ಬೈದಳು, ಪ್ರಶ್ನೆ ಕೇಳಿದವರಿಗೆ ಬೈದಳು, ವಿಚಾರಿಸದೆ ಬಿಟ್ಟ ತನಗೂ ಬೈದುಕೊಂಡಳು. ಕಿನುಯೊ ಅವಳ ಮುಂಗೈ ತಟ್ಟಿದಳು. ಆಮೇಲೆ, ಇವರಿಗೆ ಉತ್ತರ ಬರೆಯಬೇಕು ಎಂದಳು.

"ಏನು ಬರೀತೀಯೆ?"

"ಅವರು ಕೇಳಿದಾಗ ನಾನು ಹದಿನೇಳು ದಿನ ಉತ್ತರ ಕೊಡ್ಲಿಲ್ಲ, ಹರು. ಆಮೇಲೆ ಬೇಗ ಬೇಗ ಅಂತ ಪೀಡಿಸ್ದೆ. ಪಾಪ, ಯಾರೋ ಕೂತು ನನ್ನ ಕಾಗದ ಓದಿರ್ತಾರೆ."

ಯಾರೂ ಕೂತಿರುವುದಿಲ್ಲ, ಇದನ್ನೆಲ್ಲ ಯಂತ್ರ ಕಳಿಸುತ್ತದೆ ಎಂದು ಹೇಳಲು ಹರುಯೊ ಬಾಯಿ ತೆರೆದಳು. ಕಿನುಯೊಳ ಮುಖ ನೋಡಿ ಮುಚ್ಚಿದಳು. ಕಿನುಯೊ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಳು. ಅದನ್ನು ಕಿನುಯೊ ತನ್ನ ಫೋನಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಬರೆದಳು. ನಾನು ತಡವಾಗಿ ಉತ್ತರ ಕೊಟ್ಟು ನಿಮಗೆ ತೊಂದರೆ ಮಾಡಿದೆ. ಅನುಮತಿ ಕೊಟ್ಟದ್ದಕ್ಕೆ ಮನಸಾರೆ ವಂದನೆ. ಅಣ್ಣ ಇಪ್ಪತ್ತೊಂಬತ್ತನೇ ತಾರೀಖು ತೀರಿಕೊಂಡ. ಈಗ ನನಗೆ ಇದು ಬೇಕಾಗುವುದಿಲ್ಲ, ಬೇಕಾದವರು ಯಾರಾದರೂ ಇದ್ದರೆ ದಯವಿಟ್ಟು ಅವರದನ್ನು ಮೊದಲು ನೋಡಿ. ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಕಳಿಸುವ ಮೊದಲು ಫೋನನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದಳು.

ಒಂದು ನಿಮಿಷವೂ ಆಗಿರಲಿಲ್ಲ, ಫೋನು ಗುರುಗುಟ್ಟಿತು.

"ನೋಡು, ಎಷ್ಟು ಬೇಗ ಬರೆದ್ರು," ಎಂದಳು ಕಿನುಯೊ. "ಏನಂತಾರೆ?"

ಹರುಯೊ ಫೋನನ್ನು ಈಸಿಕೊಂಡಳು. ಎರಡು ಕನ್ನಡಕವನ್ನೂ ಏರಿಸಿಕೊಂಡಳು. ತನ್ನ ಫೋನಿನಲ್ಲಿ ತಿರುಗಿಸಿ ಓದಿದಳು, ಇನ್ನೊಂದು ಸಲ ಓದಿದಳು. ಈ ವಿಳಾಸಕ್ಕೆ ಬಂದ ಮೇಲ್ ಯಾರೂ ಓದುವುದಿಲ್ಲ, ಉತ್ತರ ಬರೆಯಬೇಡಿ ಎಂದಷ್ಟೇ ಅದರಲ್ಲಿತ್ತು.

"ಪರವಾಗಿಲ್ಲ ಅಂತಾರೆ," ಎಂದಳು. "ಅಣ್ಣನ ವಿಷಯ ಕೇಳಿ ಬೇಜಾರಾಯ್ತು ಅಂತಾರೆ."

ಕಿನುಯೊ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ತಾನು ಅರ್ಧ ಗಂಟೆ ಕೂತು ಬರೆದದ್ದಕ್ಕೆ ಆ ಪರದೆಯ ಮೇಲೆ ಬಂದದ್ದು ಎರಡೇ ಸಾಲು ಎಂಬುದು ಅವಳಿಗೂ ಕಂಡಿತ್ತು. ಒಳ್ಳೆಯ ಜನ ಎಂದಳು. ಫೋನನ್ನು ಈಸಿಕೊಂಡು, ಮಡಚಿ, ಮಡಿಲಲ್ಲಿಟ್ಟುಕೊಂಡಳು. ಮನೆಗೆ ಹೋಗಲು ಏಳಲಿಲ್ಲ. ಹರುಯೊಳೂ ಏಳು ಎನ್ನಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ತಂದು ಅವಳ ಹೆಗಲಿಗೆ ಹೊದಿಸಿ, ಕೇಳದೆಯೇ, ಅವಳ ಬಿಳಿಕೂದಲಿನ ತುದಿಗಳನ್ನು ನಿಧಾನವಾಗಿ ಕತ್ತರಿಸತೊಡಗಿದಳು.